ಮಾಳಿಗೆ, ಅಂಕಣ, ತೊಲೆ: ಗಡಿನಾಡಿನ ಕಟ್ಟಡ ಪದಗಳ ಅರ್ಥವ್ಯಾಪ್ತಿ

ಗಡಿನಾಡಿನ ಕನ್ನಡ ಕ್ರಯಪತ್ರ, ಪಾಲುಪಟ್ಟಿಗಳನ್ನು ನೆರೆಭಾಷೆಗೆ ತರುವಾಗ ಮನೆಯ ವಿವರಣೆಯಲ್ಲಿಯೇ ತಪ್ಪು ನುಸುಳುವ ಸಾಧ್ಯತೆ ಹೆಚ್ಚು. ಕಟ್ಟಡದ ಪದಗಳು ಎಲ್ಲರಿಗೂ ತಿಳಿದವೇ ಎಂಬ ಭಾವನೆ ಇದಕ್ಕೆ ಕಾರಣ. ವಾಸ್ತವದಲ್ಲಿ ಅವು ಆಯಾ ಸೀಮೆಯ ಮಳೆ, ಮಣ್ಣು, ಮರಗಳಿಗೆ ತಕ್ಕಂತೆ ಅರ್ಥವನ್ನು ಬದಲಿಸಿಕೊಂಡಿವೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಮನೆಯನ್ನು ಕಾಸರಗೋಡಿನ ಮನೆಯೊಡನೆ ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ.

‘ಮಾಳಿಗೆ’ ಎಂಬುದನ್ನೇ ನೋಡಬಹುದು. ಸೊಲ್ಲಾಪುರ ಸೀಮೆಯಲ್ಲಿ ಮಾಳಿಗೆಯೆಂದರೆ ಮಣ್ಣಿನ ಸಮತಟ್ಟಾದ ಛಾವಣಿ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡವಾಗಿ ಜಂತಿಗಳು. ಅವುಗಳ ಮೇಲೆ ಹಲಗೆ ಅಥವಾ ಕಟ್ಟಿಗೆಯ ಹಾಸು, ಕೊನೆಗೆ ಬಿಳಿಮಣ್ಣಿನ ದಪ್ಪ ಹೊದಿಕೆ. ಕರಿಮಣ್ಣು ನೆನೆದಾಗ ಉಬ್ಬಿ, ಒಣಗಿದಾಗ ಬಿರಿಯುವುದರಿಂದ ಈ ಕೆಲಸಕ್ಕೆ ಒದಗದು. ಇಂಥ ಛಾವಣಿಗೆ ಮರಾಠಿಯಲ್ಲಿ ‘ಮಾಳವದ’ ಎಂಬ ಹೆಸರಿದೆ. ಮಳೆ ಕಡಿಮೆಯಿರುವ ಬಯಲುಸೀಮೆಯಲ್ಲಿ ಮಾತ್ರ ಇದು ಬಾಳುತ್ತದೆ.

ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಕಾಸರಗೋಡಿನಲ್ಲಿ ಮುರಕಲ್ಲಿನ ಗೋಡೆಯ ಮೇಲೆ ಇಳಿಜಾರು ಮಾಡು ಬೇಕು. ಪಕ್ಕಾಸಿನ ಮೇಲೆ ರೀಪು, ರೀಪಿನ ಮೇಲೆ ಹಂಚು ಎಂಬುದು ಅಲ್ಲಿನ ಕ್ರಮ. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಬಳಿಕ ಮುಳಿಹುಲ್ಲಿನ ಸ್ಥಾನಕ್ಕೆ ಹಂಚು ಕ್ರಮೇಣ ಬಂದಿತು. ಕರಾವಳಿಯಲ್ಲಿ ‘ಮಾಳಿಗೆ’ ಎಂದರೆ ಮೇಲಂತಸ್ತು. ಮಲಯಾಳದ ‘ಮಾಳಿಕ’ವೂ ಅಂತಸ್ತುಳ್ಳ ದೊಡ್ಡ ಮನೆಯನ್ನೇ ಸೂಚಿಸುತ್ತದೆ. ಆದುದರಿಂದ ಜತ್ತದ ‘ಮಾಳಿಗೆ ಮನೆ’ಯನ್ನು ಕರಾವಳಿಯ ಅರ್ಥದಲ್ಲಿ ಓದಿದರೆ, ಒಂದೇ ನೆಲೆಯ ಮಣ್ಣಿನ ಮನೆ ಉಪ್ಪರಿಗೆಯ ಮನೆಯಾಗಿಬಿಡುತ್ತದೆ.

‘ಅಂಕಣ’ದ ತೊಡಕು ಇನ್ನೂ ಸೂಕ್ಷ್ಮವಾದುದು. ಕನ್ನಡದಲ್ಲಿ ಅದು ಎರಡು ಕಂಬ ಅಥವಾ ತೊಲೆಗಳ ನಡುವಿನ ಅಂತರ. ಮನೆಯ ವಿಸ್ತಾರವನ್ನು ಎಣಿಸುವ ಮಾನವೂ ಹೌದು. ಮರಾಠಿಯ ‘ಖಣ’ ಇದಕ್ಕೆ ಸರಿಸಾಟಿ. ಮಲಯಾಳದ ‘ಅಂಕಣಂ’ ಮಾತ್ರ ಅಂಗಳ. ರೂಪಸಾಮ್ಯವನ್ನು ನಂಬಿದ ಅನುವಾದಕನ ಕೈಯಲ್ಲಿ ಐದಂಕಣದ ಮನೆಗೆ ಐದು ಅಂಗಳಗಳು ಮೂಡಿಯಾವು; ಆಗ ವಾಸದ ಮನೆಯ ಅಳತೆಯೇ ದಾಖಲೆಯಿಂದ ಮರೆಯಾಗುತ್ತದೆ.

‘ತೊಲೆ’ಯದು ಬೇರೆಯೇ ಕಥೆ. ಸಂಸ್ಕೃತದ ‘ತುಲಾ’ ಎಂಬುದಕ್ಕೆ ತಕ್ಕಡಿ, ಮನೆಯ ತೊಲೆ ಎಂಬ ಎರಡು ಅರ್ಥಗಳೂ ಇವೆ. ಕನ್ನಡದ ತೊಲೆ, ಮರಾಠಿಯ ತುಳಈ, ಮಲಯಾಳದ ತುಲಾಂ ಇವು ಅದಕ್ಕೇ ಸಂಬಂಧಿಸಿದವು. ಇಲ್ಲಿ ರೂಪಸಾಮ್ಯ ಅನುವಾದಕನಿಗೆ ನೆರವಾಗುತ್ತದೆ.

ಹೀಗೆ ಒಂದು ಪದ ಗಡಿಗಳನ್ನು ದಾಟಿಯೂ ಅರ್ಥವನ್ನು ಉಳಿಸಿಕೊಂಡರೆ, ಇನ್ನೊಂದು ಕನ್ನಡದೊಳಗೇ ಸೀಮೆಯಿಂದ ಸೀಮೆಗೆ ಬೇರೆಯಾಗುತ್ತದೆ. ಕೇವಲ ಸಮಾನಪದಗಳನ್ನು ಕೊಡುವ ಕೋಶ ಈ ಭೇದವನ್ನು ತೋರಿಸಲಾರದು. ಪದ ಬಳಕೆಯಲ್ಲಿರುವ ಸ್ಥಳ, ವಸ್ತುವನ್ನು ಮಾಡಿದ ಸಾಮಗ್ರಿ, ಕಟ್ಟಡದಲ್ಲಿ ಅದರ ಸ್ಥಾನ, ಅದು ಹೊರುವ ಭಾರ ಇವಿಷ್ಟನ್ನೂ ಪ್ರತಿಯೊಂದು ನಮೂದಿನಲ್ಲಿ ದಾಖಲಿಸಬೇಕಾಗುತ್ತದೆ. ಸಿಮೆಂಟಿನ ತಾರಸಿಗೆ ಬೋದಿಗೆಯೂ ಬೇಡ, ಪಕ್ಕಾಸೂ ಬೇಡ. ಅವನ್ನು ಜೋಡಿಸಬಲ್ಲ ಬಡಗಿಗಳು ಇರುವಾಗಲೇ ಈ ದಾಖಲೆ ಆಗದಿದ್ದರೆ, ಪದ ಕಾಗದದಲ್ಲಿ ಉಳಿದರೂ ಅದು ಮನೆಯ ಯಾವ ಭಾಗವೆಂದು ಹೇಳುವವರು ಉಳಿಯುವುದಿಲ್ಲ.