ಕೆಂಡದ ಮುಂದೆ ಸುರುಳಿಯಾಗುವ ಸೀತಾಳೆ

ಜನವರಿಯ ಬೆಳಗು. ಚೀನಾದ ಪೂರ್ವ ಕರಾವಳಿಯ ಝೆಜಿಯಾಂಗ್ ಪ್ರಾಂತ್ಯ. ಯಾನ್‌ದಾಂಗ್ ಬೆಟ್ಟಗಳ ಬುಡದಲ್ಲಿರುವ ದಾಜಿಂಗ್ ಪಟ್ಟಣಕ್ಕೆ ಕವಿದ ಮಂಜು ಇನ್ನೂ ಕರಗಿಲ್ಲ. ಒಂದು ಮನೆಯ ಮುಂಗೋಣೆಯಲ್ಲಿ ಉದ್ದನೆಯ ಮೇಜು, ಅದರ ಎರಡೂ ಬದಿಗೆ ಏಳೆಂಟು ಹೆಂಗಸರು. ಕೆಲವರ ಮುಂದೆ ಇದ್ದಿಲ ಕೆಂಡ, ಕೆಲವರ ಮುಂದೆ ಈಗಿನ ಕಾಲದ ವಿದ್ಯುತ್ ಒಲೆ. ಒಲೆಯ ಮೇಲಿನ ಕಬ್ಬಿಣದ ಬಲೆಯಲ್ಲಿ ಹಸಿರು ಕಡ್ಡಿಗಳು ಸಾಲಾಗಿ ಮಲಗಿವೆ. ಬೆರಳಿನಷ್ಟು ಉದ್ದ, ಪೆನ್ಸಿಲ್‌ಗಿಂತ ಸಪೂರ. ಒಬ್ಬಾಕೆ ಒಂದು ಕಡ್ಡಿಯನ್ನು ಎತ್ತಿ ಹೆಬ್ಬೆರಳಿನಿಂದ ಒತ್ತಿ ನೋಡುತ್ತಾಳೆ, ಮತ್ತೆ ಬಲೆಯ ಮೇಲಿಡುತ್ತಾಳೆ. ಇನ್ನೂ ಮೆತ್ತಗಾಗಿಲ್ಲ. ಮುಂದಿನದನ್ನು ಎತ್ತುತ್ತಾಳೆ. ಇದು ಹದಕ್ಕೆ ಬಂದಿದೆ. ಬೆರಳುಗಳ ನಡುವೆ ಕಡ್ಡಿ ಒಮ್ಮೆ ಬಾಗುತ್ತದೆ, ಇನ್ನೊಮ್ಮೆ ಸುತ್ತುತ್ತದೆ, ನೋಡನೋಡುತ್ತಿದ್ದಂತೆ ಪುಟ್ಟದೊಂದು ಸ್ಪ್ರಿಂಗಿನ ಆಕಾರ ತಳೆಯುತ್ತದೆ. ಅದು ಬಿಚ್ಚಿಕೊಳ್ಳದಂತೆ ಕಾಗದದ ಪಟ್ಟಿಯೊಂದನ್ನು ಸುತ್ತಿ ಪಕ್ಕದ ಬುಟ್ಟಿಗೆ ಹಾಕುತ್ತಾಳೆ.

ಮಾತು ನಡೆದೇ ಇದೆ, ಕೈಯೂ ನಡೆದೇ ಇದೆ. ನಮ್ಮ ಮಲೆನಾಡಿನ ಅಡಕೆ ಸುಲಿಯುವ ಅಂಗಳವನ್ನು ಕಂಡವರಿಗೆ ಈ ಕೋಣೆ ಹೊಸದೆನಿಸದು. ಚಳಿ, ಬೆಂಕಿ, ಹರಟೆ, ಬೆರಳಿನ ಚುರುಕು ಎಲ್ಲವೂ ಅದೇ. ಸುಲಿಯುವ ಕಾಯಿಯ ಬದಲು ಇಲ್ಲಿ ಸುತ್ತುವ ಕಾಂಡವಿದೆ, ಅಷ್ಟೆ.

ಆ ಕಾಂಡದ ಹೆಸರು ತಿಯೆಪಿ ಶಿಹು. ‘ಶಿ’ ಎಂದರೆ ಕಲ್ಲು. ‘ಹು’ ಎಂದರೆ ಧಾನ್ಯ ಅಳೆಯುವ ಹಳೆಯ ಮಾಪು, ನಮ್ಮ ಕೊಳಗದಂಥದ್ದು. ‘ತಿಯೆಪಿ’ ಎಂದರೆ ಕಬ್ಬಿಣದ ಸಿಪ್ಪೆ. ಸಸ್ಯವಿಜ್ಞಾನಿಗಳು ಇದನ್ನು ಡೆಂಡ್ರೋಬಿಯಂ ಅಫಿಸಿನೇಲ್ ಎನ್ನುತ್ತಾರೆ. ಮಲೆನಾಡಿನವರು ಸೀತಾಳೆ ಎಂದು ಕರೆಯುವ ಆರ್ಕಿಡ್‌ಗಳ ಕುಟುಂಬಕ್ಕೆ ಸೇರಿದ ಗಿಡ ಇದು. ಗ್ರೀಕ್ ಮೂಲದ ಡೆಂಡ್ರೋಬಿಯಂ ಎಂಬ ಹೆಸರಿನಲ್ಲಿ ಮರವೂ ಇದೆ, ಬದುಕೂ ಇದೆ. ಮರದ ಮೇಲೆ, ಬಂಡೆಯ ಮೇಲೆ ಬದುಕಿದರೂ ಇದು ಬಂದಳಿಕೆಯಂತೆ ಮರದ ರಸ ಹೀರುವುದಿಲ್ಲ. ಕುಳಿತುಕೊಳ್ಳಲು ಜಾಗ ಕೇಳುತ್ತದೆ, ಅನ್ನ ಕೇಳುವುದಿಲ್ಲ. ಮಳೆನೀರು, ಮಂಜು, ತೊಗಟೆಯ ಸಂದಿಯಲ್ಲಿ ಕೊಳೆತ ಎಲೆಯ ಸಾರ ಇಷ್ಟೇ ಅದರ ಊಟ.

ಮಣ್ಣಿಲ್ಲದ ಕಡೆ ಬದುಕುವ ಗಿಡ ನೀರನ್ನು ತನ್ನ ಮೈಯಲ್ಲೇ ಕೂಡಿಡಬೇಕು. ಶಿಹು ಅದನ್ನು ಕಾಂಡದಲ್ಲಿ ಕೂಡಿಡುತ್ತದೆ. ಕಾಂಡವನ್ನು ಮುರಿದರೆ ಲೋಳೆಯಂಥ ಅಂಟು ಕೈಗೆ ಹತ್ತುತ್ತದೆ. ವಿಜ್ಞಾನದ ಮಾತಿನಲ್ಲಿ ಅದು ಪಾಲಿಸ್ಯಾಕರೈಡ್, ಅಂದರೆ ಉದ್ದುದ್ದ ಸರಪಣಿಯಾಗಿ ಹೆಣೆದುಕೊಂಡ ಸಕ್ಕರೆ. ಚೀನೀ ವೈದ್ಯರು ಈ ಗಿಡವನ್ನು ಬಳಸುವುದು ಬಾಯಿ ಒಣಗುವಿಕೆ, ತೀರದ ದಾಹ, ಜ್ವರ ಬಿಟ್ಟ ಮೇಲಿನ ನಿತ್ರಾಣ, ಹೊಟ್ಟೆಯ ಉರಿ ಇಂಥವಕ್ಕೆ. ಒಣಬಂಡೆಯ ಮೇಲೂ ಒಣಗದ ಗಿಡವನ್ನು ಒಣಗಿದ ಗಂಟಲಿಗೆ ಮದ್ದು ಮಾಡಿಕೊಂಡ ಜನ ಅವರು.

ಈ ನಂಟು ಹಳೆಯದು. ಸುಮಾರು ಎರಡು ಸಾವಿರ ವರ್ಷ ಹಿಂದಿನ ‘ಶೆನ್ನೊಂಗ್ ಬೆಂಚಾವ್ ಜಿಂಗ್’ ಎಂಬ ಮದ್ದಿನ ಗ್ರಂಥ ಶಿಹುವನ್ನು ಮೇಲ್ದರ್ಜೆಯ ಮೂಲಿಕೆಗಳ ಸಾಲಿನಲ್ಲಿ ಇರಿಸಿದೆ. 1596ರಲ್ಲಿ ಅಚ್ಚಾದ ಲೀ ಶಿಝೆನ್‌ನ ಮಹಾಗ್ರಂಥ ‘ಬೆಂಚಾವ್ ಗಾಂಗ್‌ಮು’ವಿನಲ್ಲೂ ಶಿಹು ಇದೆ. ಪುಸ್ತಕದಲ್ಲಿ ಇರುವುದು ಸುಲಭ. ಬಂಡೆಯಿಂದ ಅದನ್ನು ಕೆಳಗಿಳಿಸುವುದು ಸುಲಭವಿರಲಿಲ್ಲ.

ಯಾನ್‌ದಾಂಗ್ ಬೆಟ್ಟಗಳನ್ನು ನೋಡಿದರೆ ಅದು ಗೊತ್ತಾಗುತ್ತದೆ. ಹತ್ತು ಕೋಟಿ ವರ್ಷಕ್ಕೂ ಹಿಂದೆ ಜ್ವಾಲಾಮುಖಿಗಳು ಉಗುಳಿದ ಲಾವಾ ಇಲ್ಲಿ ಗಟ್ಟಿಯಾಗಿ ನೆಟ್ಟಗೆ ನಿಂತಿದೆ. ಗೋಡೆಯಂಥ ಬಂಡೆ, ಕಂಬದಂಥ ಶಿಖರ, ಅವುಗಳ ನಡುವೆ ಮೋಡ. 1613ರಲ್ಲಿ ಮತ್ತು 1632ರಲ್ಲಿ ಈ ಬೆಟ್ಟಗಳನ್ನು ಹತ್ತಿದ ಮಿಂಗ್ ಕಾಲದ ಅಲೆಮಾರಿ ಬರಹಗಾರ ಶೂ ಶಿಯಾಕೆ ಇಲ್ಲಿನ ದಾರಿಗಳನ್ನು ದಿನಚರಿಯಲ್ಲಿ ಬರೆದಿಟ್ಟ. ದಾರಿಯೇ ಇಲ್ಲದ ಕಡೆ ಇಳಿಯುತ್ತಿದ್ದವರು ಮೂಲಿಕೆ ಆಯುವವರು. ಬೆಟ್ಟದ ನೆತ್ತಿಯ ಮರಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಸೊಂಟಕ್ಕೆ ಬಿಗಿದು, ಪ್ರಪಾತದ ಮೇಲೆ ತೂಗಾಡುತ್ತ ಬಂಡೆಯ ಬಿರುಕಿನಿಂದ ಶಿಹು ಕೀಳುತ್ತಿದ್ದರು. ಒಂದು ಹಿಡಿ ಕಾಂಡಕ್ಕೆ ಒಂದು ಜೀವದ ಪಣ.

ಆ ವಿದ್ಯೆ ಇಂದು ಪ್ರವಾಸಿಗರ ಕಣ್ಣಿಗೆ ಹಬ್ಬವಾಗಿದೆ. ಯಾನ್‌ದಾಂಗ್‌ನ ಲಿಂಗ್‌ಯಾನ್ ಕಣಿವೆಯಲ್ಲಿ ಎರಡು ಶಿಖರಗಳ ನಡುವೆ, ಇನ್ನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿ ಹಗ್ಗ ಬಿಗಿದಿರುತ್ತದೆ. ಒಬ್ಬ ಅದರ ಮೇಲೆ ಜಾರುತ್ತ ದಾಟುತ್ತಾನೆ, ನಡುವೆ ನಿಂತು ಲಾಗ ಹಾಕುತ್ತಾನೆ. ಕೆಳಗೆ ಕತ್ತೆತ್ತಿ ನಿಂತ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಇಲ್ಲಿನವರ ತಾತಂದಿರ ಕಾಲದಲ್ಲಿ ಆ ಹಗ್ಗದ ತುದಿಯಲ್ಲಿ ಹೊಟ್ಟೆಪಾಡು ನೇತಾಡುತ್ತಿತ್ತು.

ಕೀಳುವವರು ಹೆಚ್ಚಾದಂತೆ ಬಂಡೆಗಳು ಬರಿದಾದವು. ಬೀಜ ಉದುರುವ ಮೊದಲೇ ಗಿಡ ಬುಟ್ಟಿ ಸೇರಿದರೆ ಮರಿಗಿಡ ಎಲ್ಲಿಂದ ಬರಬೇಕು? ಈಗ ಜಗತ್ತಿನ ಎಲ್ಲ ಆರ್ಕಿಡ್‌ಗಳ ಗಡಿಯಾಚೆಯ ವ್ಯಾಪಾರದ ಮೇಲೂ, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ನಿಗಾ ಇದೆ. ಚೀನಾ ಸರ್ಕಾರ 2021ರಲ್ಲಿ ಹೊರಡಿಸಿದ ಸಂರಕ್ಷಿತ ಸಸ್ಯಗಳ ಪಟ್ಟಿಯಲ್ಲಿ ಕಾಡಿನ ತಿಯೆಪಿ ಶಿಹು ಎರಡನೆಯ ದರ್ಜೆಯ ರಕ್ಷಣೆ ಪಡೆದಿದೆ. ಕಾಡಿನಲ್ಲಿ ಅದು ವಿರಳವಾದ ಮೇಲೆ ಉಳಿದಿದ್ದ ದಾರಿ ಬೆಳೆಯುವುದೊಂದೇ.

ಬೆಳೆಯುವುದು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಶಿಹುವಿನ ಒಂದು ಕಾಯಿಯಲ್ಲಿ ಸಾವಿರಾರು ಬೀಜ. ಒಡೆದರೆ ಹಳದಿ ಹುಡಿ, ಊದಿದರೆ ಹಾರಿಹೋಗುತ್ತದೆ. ಭತ್ತದ ಕಾಳಿನಲ್ಲಿ ಮೊಳಕೆಗೆಂದು ತಾಯಿ ಕಟ್ಟಿಕೊಟ್ಟ ಬುತ್ತಿ ಇರುತ್ತದೆ. ಈ ಹುಡಿಯಂಥ ಬೀಜಕ್ಕೆ ಆ ಬುತ್ತಿಯೇ ಇಲ್ಲ. ಕಾಡಿನಲ್ಲಿ ತಕ್ಕ ಶಿಲೀಂಧ್ರವೊಂದು ಜೊತೆಯಾಗಿ ಉಣಿಸಿದರೆ ಮಾತ್ರ ಅದು ಕಣ್ಣು ಬಿಡುತ್ತದೆ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಎಂಬ ವಿಜ್ಞಾನಿ, ಸಕ್ಕರೆ ಬೆರೆಸಿದ ಅಗರ್ ಪಾಕದ ಮೇಲೆ ಶಿಲೀಂಧ್ರದ ನೆರವಿಲ್ಲದೆಯೇ ಆರ್ಕಿಡ್ ಬೀಜ ಮೊಳೆಯುತ್ತದೆಂದು ತೋರಿಸಿಕೊಟ್ಟ. ಯಾನ್‌ದಾಂಗ್‌ನ ಸುತ್ತಲಿನ ಪ್ರಯೋಗಶಾಲೆಗಳಲ್ಲಿ ಇಂದು ನಡೆಯುವುದು ಅದೇ ಕೆಲಸ. ಬಿಳಿ ಬೆಳಕಿನ ಕೋಣೆ, ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಗಾಜಿನ ಸೀಸೆ. ಸೀಸೆಯ ತಳದ ಪಾಕಕ್ಕೆ ಬಾಳೆಹಣ್ಣಿನ ತಿರುಳನ್ನೋ ಆಲೂಗಡ್ಡೆಯ ರಸವನ್ನೋ ಬೆರೆಸುವುದುಂಟು. ಅದರ ಮೇಲೆ ಮೊದಲು ಹಸಿರು ಸಾಸಿವೆಯಂಥ ಗುಂಡುಗಳು, ಆಮೇಲೆ ಎಳೆ ಎಲೆ, ಆಮೇಲೆ ಬೇರು. ಸೀಸೆಯಿಂದ ಹೊರಬರುವ ಹೊತ್ತಿಗೆ ಸಸಿ ಬೆರಳುದ್ದ ಬೆಳೆದಿರುತ್ತದೆ.

ಹೊರಗೆ ಅದಕ್ಕೆ ಮನೆ ಸಿದ್ಧವಾಗಿರುತ್ತದೆ. ನೆರಳುಬಲೆ ಹೊದಿಸಿದ ಉದ್ದನೆಯ ಚಪ್ಪರ. ಅದರೊಳಗೆ ನೆಲದಿಂದ ಎತ್ತರಿಸಿದ ಮಡಿಗಳು. ಮಡಿಯಲ್ಲಿ ಮಣ್ಣಿಲ್ಲ, ಪುಡಿಮಾಡಿ ಹದಗೊಳಿಸಿದ ಪೈನ್ ಮರದ ತೊಗಟೆ. ನೀರು ಹನಿಸಿದರೆ ಒದ್ದೆಯಾಗಬೇಕು, ನಿಲ್ಲಬಾರದು. ಬೇರಿಗೆ ಗಾಳಿ ಸಿಗಬೇಕು. ಮೂರೋ ನಾಲ್ಕೋ ಸಸಿಗಳನ್ನು ಒಟ್ಟಿಗೆ ಹಿಡಿದು ಒಂದು ಬುಡವಾಗಿ ನೆಡುತ್ತಾರೆ. ಒಂಟಿ ಸಸಿ ಸೊರಗುತ್ತದೆ, ಗುಂಪು ಚಿಗುರುತ್ತದೆ ಎಂಬುದು ಬೆಳೆಗಾರರ ಅನುಭವ. ಎಳೆ ಬೇರಿನ ತುದಿ ಬಸವನಹುಳುವಿಗೆ ಬಲು ರುಚಿ. ಹಗಲು ತೊಗಟೆಯಡಿ ಅಡಗುವ ಹುಳು ಹೊರಬರುವುದು ರಾತ್ರಿ. ಹಾಗಾಗಿ ಮಳೆ ನಿಂತ ರಾತ್ರಿಗಳಲ್ಲಿ ಟಾರ್ಚು ಹಿಡಿದು ಮಡಿಯಿಂದ ಮಡಿಗೆ ಬಾಗಿ ನಡೆಯುವ ಬೆಳೆಗಾರರನ್ನು ಇಲ್ಲಿ ಕಾಣಬಹುದು.

ಮೇ, ಜೂನ್ ತಿಂಗಳಲ್ಲಿ ಎಲೆ ಉದುರಿದ ಹಳೆಯ ಕಾಂಡದ ಗೆಣ್ಣುಗಳಲ್ಲಿ ಹಳದಿ ಬೆರೆತ ತಿಳಿಹಸಿರು ಹೂ. ಅದನ್ನೂ ಬಿಡದೆ ಒಣಗಿಸಿ ಚಹಾದಂತೆ ಕುಡಿಯುತ್ತಾರೆ. ಕಾಂಡದ ಕೊಯ್ಲು ಚಳಿಗಾಲದ ಕೆಲಸ. ನವೆಂಬರಿನಿಂದ ಮಾರ್ಚಿನವರೆಗೆ, ಹೂವಿಗಾಗಿ ಗಿಡ ತನ್ನ ಸಾರವನ್ನು ಖರ್ಚು ಮಾಡುವ ಮೊದಲೇ, ಬಲಿತ ಕಾಂಡಗಳನ್ನು ಆರಿಸಿ ಕತ್ತರಿಸುತ್ತಾರೆ. ಎಳೆಯದನ್ನು ಮುಟ್ಟುವುದಿಲ್ಲ. ಬುಡದಲ್ಲಿ ಒಂದೆರಡು ಗೆಣ್ಣು ಉಳಿಸುತ್ತಾರೆ. ಆ ಗೆಣ್ಣಿನಲ್ಲಿ ಮುಂದಿನ ವರ್ಷ ಇದೆ.

ಕೊಯ್ದ ಕಾಂಡ ಬಂದು ಸೇರುವುದು ನಾವು ಮೊದಲು ಕಂಡ ಕೋಣೆಗೆ. ತೊಳೆದು, ಎಲೆ ಬಿಡಿಸಿ, ನೀರು ಆರಿಸಿ, ಉದ್ದದ್ದನ್ನು ತುಂಡರಿಸಿ ಒಲೆಯ ಮೇಲೆ ಇಡುತ್ತಾರೆ. ಬಿಸಿಗೆ ಕಾಂಡದ ನೀರು ಸ್ವಲ್ಪ ಆರಿ ನಾರು ಮೆತ್ತಗಾಗುತ್ತದೆ. ಬಿಸಿ ಕಡಿಮೆಯಾದರೆ ಸುತ್ತುವಾಗ ಮುರಿಯುತ್ತದೆ, ಹೆಚ್ಚಾದರೆ ಸೀಯುತ್ತದೆ. ಎಷ್ಟು ಹೊತ್ತು ಎಂದು ಕೇಳಿದರೆ ಗಡಿಯಾರ ತೋರಿಸುವವರಿಲ್ಲ. ಬೆಲ್ಲದ ಪಾಕ ನೋಡುವ ಆಲೆಮನೆಯವನಂತೆ ಇಲ್ಲಿಯೂ ಬೆರಳೇ ಹದ ಹೇಳಬೇಕು. ಒಮ್ಮೆ ಸುತ್ತಿದ್ದು ಒಂದೇ ಸಲಕ್ಕೆ ನಿಲ್ಲುವುದಿಲ್ಲ. ಒಣಗುತ್ತ ಸಡಿಲವಾಗುತ್ತದೆ. ಕಾಗದ ಬಿಚ್ಚಿ, ಮತ್ತೆ ಕಾಯಿಸಿ, ಮತ್ತೆ ಬಿಗಿದು, ಮತ್ತೆ ಒಣಗಿಸಬೇಕು. ಹೀಗೆ ಎರಡು ಮೂರು ಸುತ್ತು ನಡೆದ ಮೇಲೆ ಸುರುಳಿ ಗಟ್ಟಿಯಾಗುತ್ತದೆ. ಕೊನೆಗೆ ಒಟ್ಟಿಗೆ ಉಜ್ಜಿ ಒಣಗಿದ ಎಲೆಪೊರೆಯನ್ನು ಬಿಡಿಸುತ್ತಾರೆ. ಅಷ್ಟು ಹೊತ್ತಿಗೆ ಐದಾರು ಕಿಲೋ ಹಸಿ ಕಾಂಡ ಒಂದು ಕಿಲೋಗೆ ಇಳಿದಿರುತ್ತದೆ.

ಈ ಸುರುಳಿಯ ಹೆಸರು ಫೆಂಗ್‌ದೋ. ಬೇರಿನ ಎಳೆಗಳನ್ನೂ ತುದಿಯನ್ನೂ ಉಳಿಸಿಕೊಂಡು ಸುತ್ತಿದ ಫೆಂಗ್‌ದೋಗೆ ‘ಡ್ರ್ಯಾಗನ್ ತಲೆ, ಫೀನಿಕ್ಸ್ ಬಾಲ’ ಎನ್ನುತ್ತಾರೆ. ಬೇರು ಡ್ರ್ಯಾಗನ್ನಿನ ಮೀಸೆ, ಚೂಪಾದ ತುದಿ ಹಕ್ಕಿಯ ಬಾಲ. ಗಿಡ ಬುಡದಿಂದ ತುದಿಯವರೆಗೆ ಪೂರ್ತಿ ಇದೆ ಎಂಬುದಕ್ಕೆ ಅದೇ ಸಾಕ್ಷಿ. ಚೀನಾದ ಔಷಧ ಸಂಹಿತೆ 2010ರ ಆವೃತ್ತಿಯಲ್ಲಿ ತಿಯೆಪಿ ಶಿಹುವನ್ನು ಉಳಿದ ಶಿಹುಗಳಿಂದ ಬೇರ್ಪಡಿಸಿ ಸ್ವಂತ ಅಧ್ಯಾಯ ಕೊಟ್ಟಿತು. ಸುರುಳಿಗೆ ಸಾಮಾನ್ಯವಾಗಿ 2ರಿಂದ 6 ಸುತ್ತು, ಪಾಲಿಸ್ಯಾಕರೈಡ್ ಕನಿಷ್ಠ ಶೇ. 25, ತೇವ ಶೇ. 12 ಮೀರಬಾರದು ಎಂದು ಅಳತೆ ಗೊತ್ತುಮಾಡಿತು. ಅಳತೆ ಬೇಕೇ ಬೇಕಿತ್ತು. ಯುನ್ನಾನ್ ಪ್ರಾಂತ್ಯದಲ್ಲಿ ಬೆಳೆಯುವ ಅಗ್ಗದ ನೇರಳೆ ಸಿಪ್ಪೆಯ ಶಿಹುವನ್ನೂ ಹೀಗೆಯೇ ಸುತ್ತಿದರೆ ಕಣ್ಣಿಗೆ ಭೇದ ತಿಳಿಯುವುದು ಕಷ್ಟ. ಹಳಬರು ಮಾತ್ರ ಒಂದು ಸುರುಳಿಯನ್ನು ಬಾಯಿಗೆ ಹಾಕಿ ಅಗಿಯುತ್ತಾರೆ. ಅಂಟಂಟಾಗಿ ಹಲ್ಲಿಗೆ ಹತ್ತಿ, ನಾರು ಹೆಚ್ಚು ಉಳಿಯದಿದ್ದರೆ ತಲೆ ಆಡಿಸುತ್ತಾರೆ.

ಅಡುಗೆಮನೆಯಲ್ಲಿ ಫೆಂಗ್‌ದೋ ಅವಸರ ಒಪ್ಪುವುದಿಲ್ಲ. ನೀರಿನಲ್ಲಿ ನೆನೆದು, ಸಣ್ಣ ಉರಿಯಲ್ಲಿ ಬಹಳ ಹೊತ್ತು ಕುದಿದ ಮೇಲಷ್ಟೇ ಸುರುಳಿ ಮೆಲ್ಲಗೆ ಬಿಚ್ಚಿಕೊಂಡು ಹಿಂದಿನ ಕಡ್ಡಿಯಾಗುತ್ತದೆ, ನೀರು ಮಂದವಾಗುತ್ತದೆ. ಬಾತುಕೋಳಿಯ ಸಾರಿಗೂ ಹಾಕುತ್ತಾರೆ, ಹಸಿ ಕಾಂಡವನ್ನು ರುಬ್ಬಿ ರಸವನ್ನೂ ಕುಡಿಯುತ್ತಾರೆ. 2023ರ ನವೆಂಬರಿನಲ್ಲಿ ಚೀನಾ ಸರ್ಕಾರ ಇದನ್ನು ಔಷಧವೂ ಹೌದು ಆಹಾರವೂ ಹೌದು ಎನ್ನುವ ವಸ್ತುಗಳ ಪಟ್ಟಿಗೆ ಸೇರಿಸಿತು. ಅಂಗಡಿಯ ಡಬ್ಬಿಗಳ ಮೇಲೆ ದೊಡ್ಡ ದೊಡ್ಡ ಭರವಸೆಗಳಿರುತ್ತವೆ. ವಿಜ್ಞಾನ ಅಷ್ಟು ದೂರ ಹೋಗಿಲ್ಲ. ಬಹುಪಾಲು ಅಧ್ಯಯನಗಳು ನಡೆದಿರುವುದು ಪ್ರಯೋಗಶಾಲೆಯ ಜೀವಕೋಶಗಳ ಮೇಲೆ, ಇಲಿಗಳ ಮೇಲೆ. ದೊಡ್ಡ ಕಾಯಿಲೆಗೆ ವೈದ್ಯರನ್ನು ಬಿಟ್ಟು ಸುರುಳಿಯನ್ನು ನಂಬುವುದು ತಪ್ಪು.

ಇನ್ನು ಸುರುಳಿ ಸುತ್ತುವ ಕೈಗಳ ಮಾತು. ದಾಜಿಂಗ್ ಸೇರಿದ ಯುವೆಚಿಂಗ್ ನಗರ ವಿದ್ಯುತ್ ಸ್ವಿಚ್ಚು, ಸರ್ಕಿಟ್ ಬ್ರೇಕರ್‌ಗಳ ಕಾರ್ಖಾನೆಗಳಿಗೆ ದೇಶದಲ್ಲೇ ಹೆಸರಾದದ್ದು. ತಿಂಗಳ ಸಂಬಳದ ಕೆಲಸ ಅಲ್ಲಿ ಕಾದಿರುವಾಗ ಒಲೆಯ ಮುಂದೆ ದಿನವಿಡೀ ಬೆರಳು ಸುಟ್ಟುಕೊಳ್ಳಲು ಎಳೆಯರು ಮನಸ್ಸು ಮಾಡುವುದು ಕಷ್ಟ. ತೊಳೆಯಲು, ಒಣಗಿಸಲು ಯಂತ್ರಗಳು ಬಂದಿವೆ. ಒಂದರಂತೆ ಇನ್ನೊಂದಿಲ್ಲದ ಕಾಂಡಗಳನ್ನು ಹದವರಿತು ಸುತ್ತಲು ಇಂದಿಗೂ ಕೈಯೇ ಬೇಕು.

ಮನಸ್ಸಿಗೆ ಹೆಚ್ಚು ಹಿಡಿಸುವ ನೋಟ ಇರುವುದು ಬೆಟ್ಟದ ಕಡೆಗೆ ಹೋಗುವ ದಾರಿಯಲ್ಲಿ. ಅಲ್ಲಿ ಬೆಳೆಗಾರರು ಚಪ್ಪರದ ಸಸಿಗಳನ್ನು ಹೊತ್ತು ತಂದು ಮರದ ಕಾಂಡಕ್ಕೆ ಸುತ್ತಲೂ ಹೊಂದಿಸಿ ಹುಲ್ಲಿನ ಹಗ್ಗದಿಂದ ಕಟ್ಟುತ್ತಾರೆ. ಬಂಡೆಯ ಬಿರುಕುಗಳಲ್ಲೂ ಕೂರಿಸುತ್ತಾರೆ. ಬೇರು ತೊಗಟೆಯನ್ನು ಹಿಡಿದುಕೊಳ್ಳುವ ಹೊತ್ತಿಗೆ ಹಗ್ಗ ತಾನಾಗಿ ಕೊಳೆತು ಬೀಳುತ್ತದೆ. ಅಂದು ಮನುಷ್ಯನನ್ನು ಗಿಡದ ಬಳಿಗೆ ಇಳಿಸಿದ್ದೂ ಹಗ್ಗವೇ, ಇಂದು ಗಿಡವನ್ನು ಮರಕ್ಕೆ ಮರಳಿ ಕಟ್ಟುತ್ತಿರುವುದೂ ಹಗ್ಗವೇ.

ಈ ಕತೆಗೆ ನಮ್ಮ ಬೆಟ್ಟಗಳ ನಂಟೂ ಇದೆ. ಡೆಂಡ್ರೋಬಿಯಂ ಬಳಗದ ಹಲವು ಸೀತಾಳೆಗಳು ಪಶ್ಚಿಮಘಟ್ಟದ ಮರಗಳ ಮೇಲೆ ಮಳೆಗಾಲವನ್ನು ಕಾಯುತ್ತ ಕುಳಿತಿವೆ. ಆಯುರ್ವೇದದ ‘ಜೀವಂತಿ’ ಎಂಬ ಹೆಸರಿನಲ್ಲಿ ದೇಶದ ಕೆಲವೆಡೆ ಮಾರಾಟವಾಗುವುದೂ ಇದೇ ಬಳಗದ ಒಂದು ಆರ್ಕಿಡ್. ಚಾರಣಕ್ಕೆ ಹೋದವರು ಹೂ ಚೆಂದವೆಂದು ಗಿಡವನ್ನೇ ಕಿತ್ತು ತರುವುದುಂಟು. ಬುಡಸಮೇತ ಕಿತ್ತ ಸೀತಾಳೆ ಊರಿನ ಬಿಸಿಲಿಗೆ ಹೆಚ್ಚು ದಿನ ಬಾಳುವುದಿಲ್ಲ, ಕಾಡಿನ ಆ ಕೊಂಬೆಗೂ ಇನ್ನೊಂದು ಗಿಡ ಬೇಗ ಬರುವುದಿಲ್ಲ. ಬರಿದಾದ ಬಂಡೆಗಳನ್ನು ಕಂಡ ಮೇಲೆ ಯಾನ್‌ದಾಂಗ್‌ನ ಜನ ಕಲಿತದ್ದನ್ನು ನಾವು ಬರಿದಾಗುವ ಮೊದಲೇ ಕಲಿಯಬಹುದು. ಮುಂದಿನ ಮಳೆಗಾಲದಲ್ಲಿ ಕೊಂಬೆಯ ಮೇಲೆ ಸೀತಾಳೆ ಕಂಡರೆ ಕಣ್ತುಂಬ ನೋಡಿ, ಮುಟ್ಟದೆ ಬನ್ನಿ. ಗಿಡವೇ ಬೇಕೆನಿಸಿದರೆ ಸಸ್ಯಾಗಾರದಲ್ಲಿ ಬೆಳೆಸಿದ್ದನ್ನು ಕೊಂಡು ತಂದು ಸಾಕಿ.