ಹಿಂದಿನ ಮಡ್‌ಗಾರ್ಡ್ ಬಿಚ್ಚೋ ಮುನ್ನ

ಕಬ್ಬಿನ ಹಂಗಾಮು ಬಂತೆಂದರೆ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ರಸ್ತೆಗಳಲ್ಲಿ ರಾತ್ರಿಯೂ ಟ್ರ್ಯಾಕ್ಟರ್ ಸಾಲು. ಹಿಂದೆ ಲೈಟಿಲ್ಲದ ಟ್ರೇಲರ್ ಕಂಡರೆ ಬೈತೀವಿ. ನಮ್ಮ ಬೈಕಿನ ಹಿಂಬದಿ ಹೆಂಗದ?

ಫೆಂಡರ್ ಎಲಿಮಿನೇಟರ್ ಹಾಕಿದರೆ ಬೈಕ್ ಚೆಂದ ಕಾಣ್ತದ, ಖರೆ. ಆದರೆ ಮಡ್‌ಗಾರ್ಡ್ ಜೊತೆ ಎಷ್ಟೋ ಸಲ ಕೆಂಪು ರಿಫ್ಲೆಕ್ಟರ್, ನಂಬರ್ ಪ್ಲೇಟಿನ ಬಿಳಿ ದೀಪವೂ ಹೋಗುತ್ತವೆ. ಮಳೆಗಾಲದ ಕೆಸರು ಹಿಂದೆ ಕೂತವರ ಬೆನ್ನಿಗೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಹಿಂದಿನ ಕೆಂಪು ದೀಪ ದೂರಕ್ಕೆ ಕಾಣಬೇಕು. ರಾತ್ರಿ ನಂಬರ್ 15 ಮೀಟರ್‌ನಿಂದ ಓದಲು ಬರಬೇಕು. ಕಪ್ಪು ಛಾಯೆಯ ಟೇಲ್ ಲೈಟ್ ಎಡವುವುದು ಇಲ್ಲೇ.

ಹಾಕಲೇಬೇಕೆಂದರೆ ಕೆಂಪು ಲೆನ್ಸಿನದೇ ತಗೊಳ್ರಿ. ರಿಫ್ಲೆಕ್ಟರ್, ಪ್ಲೇಟ್ ದೀಪ ಉಳಿಸ್ರಿ. ಇಬ್ಬರು ಕೂತಾಗ ಬ್ರ್ಯಾಕೆಟ್ ಟೈರಿಗೆ ತಾಗಬಾರದು. ಕತ್ತಲಾದ ಮೇಲೆ ಗೆಳೆಯನಿಗೆ ಬ್ರೇಕ್ ಒತ್ತಲು ಹೇಳಿ, ದೂರ ನಿಂತು ನೋಡ್ರಿ. ನಿಮಗೇ ಕಾಣದಿದ್ದರೆ ಹಿಂದಿನ ಲಾರಿಯವನಿಗೆ ಹೆಂಗ ಕಾಣ್ತದ?