ಹಳೇ ಜೈಲಿನ ಬಯಲಲ್ಲಿ ತಹಶೀಲ್ದಾರರ ಕತ್ತಿ

ಶಿವಮೊಗ್ಗದಲ್ಲಿ ವಿಜಯದಶಮಿಯ ಮೆರವಣಿಗೆ ಕೋಟೆ ರಸ್ತೆ ಬಿಟ್ಟು ಹಳೇ ಜೈಲು ಮುಟ್ಟುವ ಹೊತ್ತಿಗೆ ಬಿಸಿಲು ಇಳಿದಿರುತ್ತದೆ. ಸಕ್ರೆಬೈಲಿನ ಆನೆಯ ಬೆನ್ನ ಮೇಲೆ ಚಾಮುಂಡೇಶ್ವರಿ, ಹಿಂದೆ ಊರಿನ ಬೇರೆಬೇರೆ ಗುಡಿಗಳ ದೇವರು, ನಡುನಡುವೆ ಡೊಳ್ಳು, ವೀರಗಾಸೆ. ಕೈದಿಗಳನ್ನು ಸೋಗಾನೆಗೆ ಸಾಗಿಸಿದ ಮೇಲೆ ಈ ಜಾಗ ಫ್ರೀಡಂ ಪಾರ್ಕ್ ಆಯಿತು, ಆಮೇಲೆ ಅಲ್ಲಮಪ್ರಭು ಮೈದಾನವಾಯಿತು. ಆಟೋದವರಿಗೆ ಮಾತ್ರ ಇವತ್ತಿಗೂ ಅದು ಹಳೇ ಜೈಲೇ.

ಬಯಲಿನಲ್ಲಿ ಬನ್ನಿ ನೆಟ್ಟಿರುತ್ತಾರೆ. ದಿನವೂ ಪಹಣಿ, ಪೋಡಿ, ಖಾತೆಯ ಕಡತಗಳಿಗೆ ಸಹಿ ಹಾಕುವ ತಹಶೀಲ್ದಾರರು ಅವತ್ತು ಪೇಟ ಸುತ್ತಿ, ಕೈಯಲ್ಲಿ ಕತ್ತಿ ಹಿಡಿದು ಮುಂದೆ ಬರುತ್ತಾರೆ. ಕತ್ತಿ ಬೀಸಿದ್ದೇ ತಡ, ಕಾದು ನಿಂತ ಜನ ಬನ್ನಿಗೆ ಮುಗಿಬೀಳುತ್ತಾರೆ. ಮುಳ್ಳು ಚುಚ್ಚಿದರೂ ಬಿಡುವುದಿಲ್ಲ. ಬೂದುಹಸಿರಿನ ಪುಟ್ಟ ಎಲೆಗಳನ್ನು ಮುಷ್ಟಿಯಲ್ಲಿ ತುಂಬಿಕೊಂಡು, ಗುರುತಿಲ್ಲದವರ ಕೈಗೂ ಇಟ್ಟು, ‘ಬನ್ನಿ ತಗೊಂಡು ಬಂಗಾರದಂಗಿರೋಣ’ ಅನ್ನುತ್ತಾರೆ. ಭದ್ರಾವತಿಯ ಕನಕ ಮಂಟಪ ಮೈದಾನದಲ್ಲೂ ತಹಶೀಲ್ದಾರರೇ ಬನ್ನಿ ಮುಡಿಯುತ್ತಾರೆ.

ರಾಜನ ಕೆಲಸವನ್ನು ಕಂದಾಯದ ಅಧಿಕಾರಿ ಮಾಡುವ ಈ ದೃಶ್ಯ ನನ್ನನ್ನು ಸುಮ್ಮನೆ ಬಿಡುವುದಿಲ್ಲ. ಯಾಕೆಂದರೆ ಈ ಸೀಮೆ ಎರಡು ಸಲ ಸಿಡಿದೆದ್ದದ್ದೂ ಕಂದಾಯದ ಕಚೇರಿಯ ಎದುರಿಗೇ. 1830ರಲ್ಲಿ ನಗರ ಸೀಮೆಯ ರೈತರು ತೆರಿಗೆಯ ಹೊರೆ ತಾಳಲಾರದೆ ದಂಗೆ ಎದ್ದರು. ಬೂದಿ ಬಸವಪ್ಪ ಮುಂದಾಳು. ಅದನ್ನೇ ನೆಪ ಮಾಡಿಕೊಂಡು 1831ರಲ್ಲಿ ಕಂಪನಿ ಸರ್ಕಾರ ಮೈಸೂರನ್ನು ಕೈವಶ ಮಾಡಿಕೊಂಡಿತು. ಅರಸರಿಗೆ ರಾಜ್ಯ ಮರಳಿದ್ದು 1881ರಲ್ಲಿ. ಆ ಕಾಲದ ಕಮಿಷನರ್ ಮಾರ್ಕ್ ಕಬ್ಬನ್ ಬೆಂಗಳೂರಿನಲ್ಲಿ ಇವತ್ತಿಗೂ ಕುದುರೆ ಮೇಲೆ ಕೂತಿದ್ದಾನೆ. 2020ರಲ್ಲಿ ಹೈಕೋರ್ಟ್ ಆವರಣದಿಂದ ಅವನ ಪ್ರತಿಮೆಯನ್ನು ಜೋಪಾನವಾಗಿ ಎತ್ತಿ ಕಬ್ಬನ್ ಪಾರ್ಕಿನೊಳಗೆ ಇಟ್ಟರು.

ಇನ್ನೊಂದು ಸಲ ಎದ್ದದ್ದು ಶಿಕಾರಿಪುರ ತಾಲ್ಲೂಕಿನ ಈಸೂರು, 1942ರ ಸೆಪ್ಟೆಂಬರಿನಲ್ಲಿ. ಊರವರು ವೀರಭದ್ರೇಶ್ವರ ಗುಡಿಯ ಮೇಲೆ ಬಾವುಟ ಏರಿಸಿ, ತಮ್ಮದು ಸ್ವತಂತ್ರ ಊರು ಎಂದು ಸಾರಿ, ಸರ್ಕಾರವನ್ನೇ ಕಟ್ಟಿದರು. ಜಯಣ್ಣ ಎಂಬ ಹುಡುಗ ಅಮಲ್ದಾರ, ಮಲ್ಲಪ್ಪ ಎಂಬ ಹುಡುಗ ಸಬ್‌ಇನ್‌ಸ್ಪೆಕ್ಟರ್. ಇವತ್ತಿನ ತಹಶೀಲ್ದಾರರೇ ಆಗಿನ ಅಮಲ್ದಾರರು. ದೊರೆತನವೆಂಬುದು ತೊಟ್ಟ ವೇಷ, ಅದನ್ನು ಯಾರೂ ತೊಡಬಹುದು ಎಂದು ಆ ಮಕ್ಕಳು ತೋರಿಸಿದರು. ನನ್ನ ಮಟ್ಟಿಗೆ ಈ ಜಿಲ್ಲೆ ಆಡಿದ ಅತಿ ದೊಡ್ಡ ಬಯಲಾಟ ಅದೇ. ಸರ್ಕಾರದ ಅಮಲ್ದಾರರು ಪೊಲೀಸರೊಂದಿಗೆ ಬಂದಾಗ ಗಾಂಧಿ ಟೋಪಿ ಹಾಕಿಕೊಳ್ಳಿ ಎಂದು ಜನ ಪಟ್ಟು ಹಿಡಿದರು. ಮಾತಿಗೆ ಮಾತು ಬೆಳೆಯಿತು. ಆ ಗಲಭೆಯಲ್ಲಿ ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರೂ ಹತರಾದರು. ಊರಿಗೆ ಊರೇ ಅದರ ಬೆಲೆ ತೆತ್ತಿತು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ (ಆ ಹುಡುಗನಲ್ಲ, ಅದೇ ಹೆಸರಿನ ಇನ್ನೊಬ್ಬರು), ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಗಲ್ಲಿಗೇರಿದರು.

ಈ ಐವರಿಗೆ ಕಲ್ಲಿನ ಸ್ಮಾರಕವೊಂದೇ ಸಾಲದು. ಹೆಗ್ಗೋಡಿನ ನೀನಾಸಂ, ಶಿವಮೊಗ್ಗದ ರಂಗಾಯಣ ಇರುವ ಜಿಲ್ಲೆ ಇದು. ಆಡುವವರಿಗೆ ಇಲ್ಲಿ ಬರವಿಲ್ಲ. ಬನ್ನಿ ಕಡಿಯುವ ಮುನ್ನ ಅದೇ ಜೈಲು ಗೋಡೆಗಳ ನಡುವೆ ಅರ್ಧ ಗಂಟೆ ಈಸೂರು ನಡೆಯಲಿ. ಸರ್ಕಾರಿ ಶಾಲೆಯ ಹುಡುಗನೋ ಹುಡುಗಿಯೋ ಅಮಲ್ದಾರಿಕೆಯ ಕುರ್ಚಿ ಏರಲಿ. ಪೇಟ ಸುತ್ತಿದ ನಿಜವಾದ ತಹಶೀಲ್ದಾರರು ಮುಂದಿನ ಸಾಲಿನಲ್ಲಿ ಕೂತು, ಪೂರ್ತಿ ನೋಡಿ, ಆಮೇಲೆ ಕತ್ತಿ ಎತ್ತಲಿ.